ಬಿಲ್ಲಿನಲ್ಲಿ ಬೆಲೆಯಿದೆ, ಭಾರವೇಕಿಲ್ಲ?

ಮನೆ ಕಟ್ಟುವವರಿಗೆ ಅಥವಾ ಕಟ್ಟಿದ ಮನೆಯನ್ನು ವಿಸ್ತರಿಸುವವರಿಗೆ ನಾವು ವರ್ತಕರು ಕೊಡುವ ಬಿಲ್ಲನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಸರಕಿನ ಹೆಸರು, ಪ್ರಮಾಣ, ದರ, ರಿಯಾಯಿತಿ, ಜಿ.ಎಸ್.ಟಿ., ಸಾಗಾಣಿಕೆ ವೆಚ್ಚ, ಖಾತರಿಯ ಅವಧಿ ಎಲ್ಲವೂ ಅದರಲ್ಲಿರುತ್ತವೆ. ಆದರೆ ಆ ಸರಕು ಮನೆಯ ಛಾವಣಿಯನ್ನು ಏರಿದ ಮೇಲೆ ಅದರ ಮೇಲೆ ಎಷ್ಟು ಭಾರ ಹೇರುತ್ತದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆ ಒಂದು ಸಾಲನ್ನು ಸೇರಿಸುವ ಹೊಣೆ ನಮ್ಮದು ಎಂಬುದೇ ಈ ಲೇಖನದ ವಾದ.

ಕೆಲವು ವರ್ಷಗಳ ಹಿಂದೆ ನನ್ನ ಅಂಗಡಿಯಿಂದ ಗ್ರಾಹಕರೊಬ್ಬರು 2,000 ಲೀಟರಿನ ನೀರಿನ ಟ್ಯಾಂಕೊಂದನ್ನು ಕೊಂಡರು. ಹಳೆಯ ಟ್ಯಾಂಕು ಬಾಡಿಗೆದಾರರಿಗೆ ಸಾಲದಾದ ಕಾರಣ ಇನ್ನೊಂದನ್ನು ಅದರ ಪಕ್ಕದಲ್ಲೇ, ತಾರಸಿಯ ನಡುಭಾಗದಲ್ಲಿ, ಇರಿಸಿದರು. ಆರೇಳು ತಿಂಗಳ ಬಳಿಕ ಅವರೇ ಮತ್ತೆ ಬಂದು, ಕೆಳಗಿನ ಕೋಣೆಯ ಛಾವಣಿಯಲ್ಲಿ ಬಿರುಕು ಕಾಣಿಸಿಕೊಂಡಿದೆ, ತುಂಬಲು ಒಳ್ಳೆಯ ರಾಸಾಯನಿಕ ಯಾವುದಿದೆ ಎಂದು ಕೇಳಿದರು. ನಾನು ಅದನ್ನೂ ಮಾರಿದೆ. ಎರಡು ಸಲವೂ ಬಿಲ್ಲು ಸರಿಯಾಗಿತ್ತು, ತೆರಿಗೆ ಸರಿಯಾಗಿತ್ತು. ಟ್ಯಾಂಕನ್ನು ಎಲ್ಲಿ ಇಡುತ್ತೀರಿ ಎಂದು ನಾನು ಕೇಳಲಿಲ್ಲ. ಬಿರುಕು ಏಕೆ ಬಂತು ಎಂದೂ ಕೇಳಲಿಲ್ಲ. ಪರಿಚಿತ ಇಂಜಿನಿಯರೊಬ್ಬರು ಟ್ಯಾಂಕುಗಳನ್ನು ಗೋಡೆಯ ನೇರಕ್ಕೆ ಸರಿಸಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ಈ ವಿಷಯ ನನ್ನನ್ನು ಕಾಡುತ್ತ ಬಂದಿದೆ.

ಛಾವಣಿಯ ಜಮಾಖರ್ಚು

ಛಾವಣಿ ಹೊರುವ ಭಾರದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ಥಿರ ಭಾರ, ಅಂದರೆ ಛಾವಣಿಯ ಮತ್ತು ಅದಕ್ಕೆ ಕಾಯಂ ಆಗಿ ಅಂಟಿಕೊಂಡಿರುವ ವಸ್ತುಗಳ ತೂಕ. ಎರಡನೆಯದು ಚರ ಭಾರ, ಅಂದರೆ ಜನರು, ಪೀಠೋಪಕರಣಗಳು, ತಾತ್ಕಾಲಿಕ ಸಾಮಾನುಗಳು. ಇವುಗಳ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಐ.ಎಸ್. 875 ಎಂಬ ಮಾನಕವಿದೆ. ಅದರ ಮೊದಲ ಭಾಗ ಸಾಮಗ್ರಿಗಳ ತೂಕವನ್ನೂ, ಎರಡನೆಯ ಭಾಗ ಚರ ಭಾರವನ್ನೂ, ಮೂರನೆಯ ಭಾಗ ಗಾಳಿಯ ಒತ್ತಡವನ್ನೂ ಕುರಿತದ್ದು.

ಕಬ್ಬಿಣ ಹಾಕಿದ ಕಾಂಕ್ರೀಟಿನ ತೂಕ ಒಂದು ಘನ ಮೀಟರಿಗೆ ಸುಮಾರು 2,500 ಕಿ.ಗ್ರಾಂ. ಹಾಗಾಗಿ ಸಾಮಾನ್ಯ ಮನೆಯ 125 ಮಿ.ಮೀ. ದಪ್ಪದ ಸ್ಲ್ಯಾಬು ಒಂದು ಚದರ ಮೀಟರಿಗೆ 312 ಕಿ.ಗ್ರಾಂ. ತೂಗುತ್ತದೆ. ನೀರು ಇಳಿಯಲು ಇಳಿಜಾರು ಕೊಟ್ಟು ಹಾಕುವ ಮೇಲಿನ ಗಾರೆಯ ಪದರ ಸುಮಾರು 175 ಕಿ.ಗ್ರಾಂ., ಕೆಳಗಿನ ಗಿಲಾವು ಸುಮಾರು 25 ಕಿ.ಗ್ರಾಂ. ಎಂದು ಹಿಡಿದರೆ ಸ್ಥಿರ ಭಾರವೇ 510 ಕಿ.ಗ್ರಾಂ. ದಾಟಿತು. ಜನ ಹತ್ತಿ ಓಡಾಡಬಲ್ಲ ತಾರಸಿಗೆ ಮಾನಕ ಗೊತ್ತುಪಡಿಸಿರುವ ಚರ ಭಾರ 1.5 ಕಿಲೋನ್ಯೂಟನ್, ಎಂದರೆ ಚದರ ಮೀಟರಿಗೆ ಸುಮಾರು 150 ಕಿ.ಗ್ರಾಂ. ದುರಸ್ತಿಗೆ ಮಾತ್ರ ಹತ್ತುವ ಛಾವಣಿಗಾದರೆ ಇದರ ಅರ್ಧ. ವಾಸದ ಕೋಣೆಯ ನೆಲಕ್ಕೆ 200 ಕಿ.ಗ್ರಾಂ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತಾರಸಿಯ ಖಾತೆಯಲ್ಲಿ ಮನೆಯ ಮಾಲೀಕ ಖರ್ಚು ಮಾಡಲು ಇರುವ ಹಣ ಚದರ ಮೀಟರಿಗೆ 150 ಕಿ.ಗ್ರಾಂ. ಮಾತ್ರ. ಅಡಿಯ ಲೆಕ್ಕದಲ್ಲಿ ಚದರಡಿಗೆ 14 ಕಿ.ಗ್ರಾಂ. ಇದರ ಮೇಲೆ ನಾವು ಮಾರುವ ಸರಕುಗಳು ಎಷ್ಟೆಷ್ಟು ಖರ್ಚು ಬರೆಯುತ್ತವೆ ಎಂಬುದನ್ನು ನೋಡೋಣ.

ಗೃಹಪ್ರವೇಶದ ನಂತರ ಏರುವ ಭಾರ

ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಖಾಲಿಯಿದ್ದಾಗ ಇಬ್ಬರು ಹೊತ್ತು ಮೇಲೇರಿಸಬಹುದಾದ ವಸ್ತು. ತುಂಬಿದಾಗ ಅದು ಒಂದು ಟನ್ನಿಗಿಂತ ಹೆಚ್ಚು. ಅದು ಕುಳಿತುಕೊಳ್ಳುವ ಜಾಗ ಹೆಚ್ಚುಕಡಿಮೆ ಒಂದು ಚದರ ಮೀಟರು. ಅಂದರೆ ಅಷ್ಟು ಜಾಗದಲ್ಲಿ ಗೊತ್ತುಪಡಿಸಿದ ಚರ ಭಾರದ ಏಳು ಪಟ್ಟು. ಇದೇ ಟ್ಯಾಂಕನ್ನು ಗೋಡೆಗಳು ಅಥವಾ ತೊಲೆಗಳು ಕೂಡುವಲ್ಲಿ ಸರಿಯಾದ ಆಧಾರದ ಮೇಲೆ ಕೂರಿಸಿದರೆ ತೊಂದರೆಯಿಲ್ಲ. ಸ್ಲ್ಯಾಬಿನ ನಡುವೆಯೋ, ಬಾಲ್ಕನಿಯ ಹೊರಚಾಚಿನ ತುದಿಯಲ್ಲೋ ಇರಿಸಿದರೆ ಅಪಾಯ ತಪ್ಪಿದ್ದಲ್ಲ.

ತಾರಸಿ ತೋಟ ಈಗ ಜನಪ್ರಿಯ. ಒದ್ದೆ ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1,800 ಕಿ.ಗ್ರಾಂ. ಎಂದು ಹಿಡಿದರೆ ಒಂದಡಿ ಆಳದ ಮಡಿ ಚದರ ಮೀಟರಿಗೆ 540 ಕಿ.ಗ್ರಾಂ. ಹೇರುತ್ತದೆ. ಮೇಲೆ ಒಂದು ಸಣ್ಣ ಕೋಣೆ ಎಂದು ಆರಂಭವಾಗುವ ಕೆಲಸದಲ್ಲಿ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ ಮೂರು ಮೀಟರು ಎತ್ತರಕ್ಕೆ ಎದ್ದರೆ, ಗಿಲಾವು ಸೇರಿ ಅದರ ತೂಕ ಉದ್ದದ ಒಂದೊಂದು ಮೀಟರಿಗೂ 800 ಕಿ.ಗ್ರಾಂ. ಮುಟ್ಟುತ್ತದೆ. ಅದರ ಅಡಿಯಲ್ಲಿ ತೊಲೆ ಇದೆಯೇ ಎಂದು ಕೇಳುವವರು ವಿರಳ.

ಸೋರುವ ಛಾವಣಿಯ ಕಥೆ ಇನ್ನೂ ಗಂಭೀರವಾದುದು. ಸೋರಿಕೆ ಕಂಡೊಡನೆ ನಾವು ಸೂಚಿಸುವ ಪರಿಹಾರ ಮೇಲೊಂದು ಹೊಸ ಪದರ. ಎರಡಂಗುಲದ ಗಾರೆಯ ಪದರವೆಂದರೆ ಚದರ ಮೀಟರಿಗೆ 100 ಕಿ.ಗ್ರಾಂ. ಐದು ವರ್ಷಗಳಲ್ಲಿ ಮತ್ತೊಂದು, ಅದರ ಮೇಲೆ ಟೈಲ್ಸ್. ಇತ್ತ ಇಳಿದ ನೀರು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ, ಸರಳು ಸವೆಯುತ್ತದೆ. ಮೇಲೆ ಭಾರ ಹೆಚ್ಚುತ್ತಿರುವಾಗಲೇ ಒಳಗೆ ಬಲ ಕುಗ್ಗುತ್ತಿರುತ್ತದೆ. ಎರಡೂ ಕಣ್ಣಿಗೆ ಕಾಣದಂತೆ ನಡೆಯುವುದರಿಂದ ಮನೆಯವರಿಗೆ ಇದರ ಅರಿವಾಗುವುದು ಗಿಲಾವಿನ ಚಕ್ಕೆ ಉದುರಿದಾಗಲೇ.

ಮಾಳಿಗೆ ಮನೆಗಳು ಕಲಿಸಿದ ಪಾಠ

ಉತ್ತರ ಕರ್ನಾಟಕದವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಹಿರಿಯರ ಮಣ್ಣಿನ ಮಾಳಿಗೆಗಳು ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಇದ್ದವು. ಆದರೆ ಮಳೆಗಾಲಕ್ಕೆ ಮುನ್ನ ಸೋರುವ ಜಾಗಕ್ಕೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯ ಮಣ್ಣನ್ನು ತೆಗೆಯದೆ ಹೊಸದನ್ನು ಹಾಕುತ್ತ ಹೋದರೆ ಅಂಗುಲ ಅಂಗುಲವಾಗಿ ಮಾಳಿಗೆ ದಪ್ಪವಾಗುತ್ತದೆ. ಕೆಳಗಿನ ತೊಲೆ, ಜಂತಿಗಳನ್ನು ಗೆದ್ದಲು ತಿನ್ನುತ್ತಿರುತ್ತದೆ. ಬಿಡದೆ ಸುರಿಯುವ ಮಳೆಯಲ್ಲಿ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾದಾಗ ಒಂದು ರಾತ್ರಿ ಎಲ್ಲವೂ ಕುಸಿಯುತ್ತದೆ. ಮಳೆಗಾಲದಲ್ಲಿ ಮಾಳಿಗೆ ಮನೆ ಕುಸಿದು ಸಾವು ಸಂಭವಿಸಿದ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ.

ಭಾರದ ಛಾವಣಿ ಭೂಕಂಪದಲ್ಲಿ ಏನು ಮಾಡಬಲ್ಲದು ಎಂಬುದನ್ನು ನಮ್ಮ ಗಡಿಯಾಚೆಯ ಕಿಲಾರಿ 1993ರ ಸೆಪ್ಟೆಂಬರ್ 30ರಂದು ತೋರಿಸಿತು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಉರುಳಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅದು ಭೂಕಂಪದ ಅಪಾಯ ಅತಿ ಕಡಿಮೆಯೆಂದು ಆಗ ಗುರುತಿಸಲಾಗಿದ್ದ ಪ್ರದೇಶವಾಗಿತ್ತು. ಭೂಮಿ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಇಂದಿನ ತಾರಸಿಯ ಮೇಲೆ ಪದರದ ಮೇಲೆ ಪದರ ಹಾಕುವ ನಾವು ಹಳೆಯ ಮಾಳಿಗೆಯ ತಪ್ಪನ್ನು ಸಿಮೆಂಟಿನಲ್ಲಿ ಪುನರಾವರ್ತಿಸುತ್ತಿದ್ದೇವೆ.

ಮೇಲಕ್ಕೆ ಎಳೆಯುವ ಗಾಳಿ

ಹಾಗಾದರೆ ಹಗುರವಾದುದೆಲ್ಲ ಕ್ಷೇಮವೇ? ಅದೂ ಅಲ್ಲ. ತಾರಸಿಯ ಮೇಲೆ ಈಗ ಎಲ್ಲೆಲ್ಲೂ ಕಾಣುವ ತಗಡಿನ ಶೀಟು ಚದರ ಮೀಟರಿಗೆ ನಾಲ್ಕೈದು ಕಿ.ಗ್ರಾಂ. ತೂಗುತ್ತದೆ. ಸೌರ ವಿದ್ಯುತ್ ಫಲಕದ ತೂಕ ಅದರ ಚೌಕಟ್ಟಿನೊಡನೆ 15ರಿಂದ 20 ಕಿ.ಗ್ರಾಂ. ಇವು ಕೆಳಕ್ಕೆ ಒತ್ತುವ ಭಾರ ಅಲ್ಪ. ಆದರೆ ಮಾನಕದ ಪ್ರಕಾರ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಮಂಗಳೂರಿಗೆ 39 ಮೀಟರು. ಈ ವೇಗದ ಗಾಳಿಯ ಒತ್ತಡ ಕ್ರಮವಾಗಿ ಚದರ ಮೀಟರಿಗೆ ಸುಮಾರು 65 ಮತ್ತು 93 ಕಿ.ಗ್ರಾಂ.ಗೆ ಸಮ. ಅಂಚುಗಳಲ್ಲಿ, ಬದಿ ತೆರೆದ ಚಪ್ಪರಗಳಲ್ಲಿ ಈ ಬಲ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಐದು ಕಿ.ಗ್ರಾಂ. ತೂಕದ ಶೀಟನ್ನು ಹಿಡಿದಿಡುವುದು ಅದರ ತೂಕವಲ್ಲ, ಅದರ ಬೋಲ್ಟು.

2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಆರಂಭವಾಗಿ, ಮೂರು ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನ ಘೋಷಣೆಯಾದ ಮೇಲೆ ಈ ವ್ಯಾಪಾರ ವಿಸ್ತಾರಗೊಂಡಿದೆ. ಇದು ಸ್ವಾಗತಾರ್ಹ. ಆದರೆ ಕೆಳಗೆ ಬಟ್ಟೆ ಒಣಹಾಕಲು ಜಾಗ ಬೇಕೆಂದು ಫಲಕಗಳನ್ನು ಎಂಟು-ಹತ್ತು ಅಡಿ ಎತ್ತರದ ಕಂಬಗಳ ಮೇಲೆ ಏರಿಸುವಾಗ ಗಾಳಿಯ ಬಲವೆಲ್ಲ ನಾಲ್ಕಾರು ಕಾಲುಗಳಲ್ಲಿ ಕೇಂದ್ರೀಕೃತವಾಗುತ್ತದೆ. ಆ ಕಾಲುಗಳನ್ನು ಸ್ಲ್ಯಾಬಿನ ಮೇಲ್ಪದರದ ಗಾರೆಗಷ್ಟೇ ಬಿಗಿದರೆ ಗಾಳಿಗೆ ಕಿತ್ತುಬಂದ ಫಲಕ ಪಕ್ಕದ ಮನೆಯವರ ಪಾಲಿಗೂ ಅಪಾಯಕಾರಿ.

ಸರಳಿನ ತೂಕ, ಛಾವಣಿಯ ಬಲ

ಭಾರದ ಒಂದು ಮುಖ ಮೇಲೆ ಹೇರುವುದು. ಇನ್ನೊಂದು ಮುಖ ಅದನ್ನು ಹೊರುವ ಸಾಮಗ್ರಿ. ಇಲ್ಲಿ ನಮ್ಮ ವ್ಯಾಪಾರದ ಒಂದು ಗುಟ್ಟನ್ನು ಬಿಚ್ಚಿ ಹೇಳಬೇಕಾಗಿದೆ. 12 ಮಿ.ಮೀ. ಸರಳಿನ ತೂಕ ಮೀಟರಿಗೆ 0.89 ಕಿ.ಗ್ರಾಂ. ಇರಬೇಕು, 12 ಮೀಟರಿನ ಒಂದು ಸರಳು ಸುಮಾರು 10.7 ಕಿ.ಗ್ರಾಂ. ಐ.ಎಸ್. 1786 ಈ ಗಾತ್ರದಲ್ಲಿ ಶೇಕಡಾ 5ರಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಆದರೆ 9.5 ಕಿ.ಗ್ರಾಂ. ತೂಗುವ ಸರಳು ಮಾರುಕಟ್ಟೆಗೆ ಬಂತೆನ್ನಿ. ತೂಕದ ಲೆಕ್ಕದಲ್ಲಿ ಕೊಳ್ಳುವ ಗ್ರಾಹಕನಿಗೆ ಒಂದು ಟನ್ನಿಗೆ 94ರ ಬದಲು 105 ಸರಳುಗಳು ಸಿಗುತ್ತವೆ. ಆತ ಹನ್ನೊಂದು ಸರಳು ಲಾಭವಾಯಿತೆಂದು ಹಿಗ್ಗುತ್ತಾನೆ. ಆದರೆ ಇಂಜಿನಿಯರನ ನಕ್ಷೆಯಲ್ಲಿ ತೊಲೆಗೆ ಇಂತಿಷ್ಟು ಸರಳು ಎಂದು ಬರೆದಿರುತ್ತದೆಯೇ ಹೊರತು ಇಂತಿಷ್ಟು ಕಿಲೋ ಎಂದಲ್ಲ. 94 ಸರಳು ತೊಲೆಯೊಳಗೆ ಹೋಗುತ್ತವೆ, ಉಳಿದ ಹನ್ನೊಂದು ಮೂಲೆ ಸೇರುತ್ತವೆ. ಮನೆಗೆ ಸೇರಬೇಕಾದ ಕಬ್ಬಿಣದಲ್ಲಿ ಶೇಕಡಾ 11ರಷ್ಟು ಕಡಿಮೆಯಾಯಿತು. ಹಣದಲ್ಲಿ ಮೋಸವಿಲ್ಲ, ಬಲದಲ್ಲಿ ಮೋಸವಿದೆ.

ಕಟ್ಟುವ ಹಂತದಲ್ಲಿಯೂ ನಮ್ಮ ಪಾತ್ರವಿದೆ. ಐ.ಎಸ್. 456ರ ಪ್ರಕಾರ 4.5 ಮೀಟರುವರೆಗಿನ ಅಗಲದ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ, 6 ಮೀಟರಿಗಿಂತ ಉದ್ದದ ತೊಲೆಗೆ 21 ದಿನ ಆಸರೆಯ ಕಂಬಗಳನ್ನು ತೆಗೆಯುವಂತಿಲ್ಲ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಈ ದಿನಗಳನ್ನು ಕಡಿತಗೊಳಿಸುವುದು ಸಾಮಾನ್ಯವಾಗಿದೆ. ಮೇಲಾಗಿ, ನಮ್ಮ ಲಾರಿ ತಂದ ಸರಕನ್ನು ಹೊಸ ಸ್ಲ್ಯಾಬಿನ ಮೇಲೆಯೇ ಪೇರಿಸಲಾಗುತ್ತದೆ. ಹತ್ತು ಚೀಲ ಎತ್ತರಕ್ಕೆ ಪೇರಿಸಿದ ಸಿಮೆಂಟು ಚದರ ಮೀಟರಿಗೆ 1,200 ಕಿ.ಗ್ರಾಂ. ಮೀರುತ್ತದೆ. ಒಂದು ಮೀಟರು ಎತ್ತರದ ಕಾಂಕ್ರೀಟ್ ಬ್ಲಾಕುಗಳ ರಾಶಿ ಎರಡು ಟನ್ನು. ಮನೆ ತನ್ನ ಜೀವಮಾನದಲ್ಲೇ ಹೊರಬೇಕಾಗಿಲ್ಲದ ಭಾರವನ್ನು ಅದು ಇನ್ನೂ ಬಲಿಯುವ ಮೊದಲೇ ಹೊರಿಸುತ್ತೇವೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಮೃತಪಟ್ಟರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣದಲ್ಲಿದ್ದ ಇನ್ನೊಂದು ಕಟ್ಟಡ ಕುಸಿದು ಅಲ್ಲಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇವು ಸಣ್ಣ ಮನೆಯ ತಾರಸಿಯ ಪ್ರಕರಣಗಳಲ್ಲ. ಆದರೂ ಕಟ್ಟಡ ಸಾಮಗ್ರಿಯ ವ್ಯಾಪಾರದಲ್ಲಿರುವ ಯಾರೂ ಅವನ್ನು ತಮಗೆ ಸಂಬಂಧಿಸದ ಸುದ್ದಿಯೆಂದು ಓದಲಾರರು.

ಕೇಳಿಬರುವ ಆಕ್ಷೇಪಗಳು

ಈ ವಿಷಯವನ್ನು ಸದಸ್ಯ ಮಿತ್ರರೊಡನೆ ಚರ್ಚಿಸಿದಾಗ ಮೂರು ಆಕ್ಷೇಪಗಳು ಬಂದವು. ಮೊದಲನೆಯದು, ವಿನ್ಯಾಸದಲ್ಲಿ ಸುರಕ್ಷತೆಯ ಅಂತರ ಇದ್ದೇ ಇರುತ್ತದೆ, ಸ್ವಲ್ಪ ಹೆಚ್ಚಾದರೆ ಏನೂ ಆಗದು ಎಂಬುದು. ಅಂತರ ಇರುವುದು ನಿಜ. ಭಾರವನ್ನು ಒಂದೂವರೆ ಪಟ್ಟು ಹಿಡಿದು ಲೆಕ್ಕ ಮಾಡುತ್ತಾರೆ. ಮೇಲಿನ ಉದಾಹರಣೆಯಲ್ಲಿ 510 ಮತ್ತು 150 ಸೇರಿ 660, ಅದರ ಒಂದೂವರೆ ಪಟ್ಟು 990 ಕಿ.ಗ್ರಾಂ. ಈಗ ಅದೇ ತಾರಸಿಯ ಮೇಲೆ ಒಂದಡಿ ಒದ್ದೆ ಮಣ್ಣು ಹಾಕಿ. 510ಕ್ಕೆ 540 ಕೂಡಿದರೆ 1,050. ಒಬ್ಬ ಮನುಷ್ಯನೂ ಹತ್ತುವ ಮೊದಲೇ ಅಂತರವೆಲ್ಲ ಮುಗಿಯಿತು. ಆ ಅಂತರವಿರುವುದು ಕೆಲಸದ ಏರುಪೇರಿಗೆ, ಅನಿರೀಕ್ಷಿತಕ್ಕೆ. ಆಪತ್ಕಾಲಕ್ಕೆಂದು ಇಟ್ಟ ನಿಧಿಯನ್ನು ದಿನಸಿಗೆ ಖರ್ಚು ಮಾಡುವವನನ್ನು ಯಾವ ವ್ಯಾಪಾರಿಯೂ ಜಾಣನೆನ್ನಲಾರ.

ಎರಡನೆಯದು, ಇದು ಇಂಜಿನಿಯರನ ಕೆಲಸ, ಅಂಗಡಿಯವನದಲ್ಲ ಎಂಬುದು. ಇಂಜಿನಿಯರನ ಕೆಲಸ ಗೃಹಪ್ರವೇಶದ ಹೊತ್ತಿಗೆ ಮುಗಿದಿರುತ್ತದೆ. ಬಹಳಷ್ಟು ಸಣ್ಣ ಮನೆಗಳಲ್ಲಿ ಮೇಸ್ತ್ರಿಯೇ ಇಂಜಿನಿಯರು. ಮುಂದಿನ ಮೂವತ್ತು ವರ್ಷ ಆ ಛಾವಣಿಯ ಮೇಲೆ ಏನು ಏರುತ್ತದೆ ಎಂಬುದು ನಿರ್ಧಾರವಾಗುವುದು ನಮ್ಮ ಕೌಂಟರಿನಲ್ಲಿ. ಮುಂದೆ ಮಹಡಿ ಕಟ್ಟಲೆಂದು ಬಿಟ್ಟ ಸರಳುಗಳು ಮಳೆ-ಬಿಸಿಲಿಗೆ ತುಕ್ಕು ಹಿಡಿಯುತ್ತ ನಿಂತಿರುವ ಮನೆಗಳು ಪ್ರತಿ ಬಡಾವಣೆಯಲ್ಲಿವೆ. ಅವುಗಳ ಮಾಲೀಕ ಹತ್ತು ವರ್ಷದ ನಂತರ ಮೊದಲು ಬರುವುದು ಇಂಜಿನಿಯರನ ಬಳಿಗಲ್ಲ, ಸಿಮೆಂಟಿನ ದರ ಕೇಳಲು ನಮ್ಮ ಬಳಿಗೆ.

ಮೂರನೆಯದು, ಭಾರದ ಮಾತೆತ್ತಿದರೆ ಗ್ರಾಹಕ ಹೆದರಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು. ಇದು ಪ್ರಾಮಾಣಿಕವಾದ ಆತಂಕ. ಒಬ್ಬನೇ ಆರಂಭಿಸಿದರೆ ಹಾಗಾಗಬಹುದು. ಆದ್ದರಿಂದಲೇ ಇದು ಒಬ್ಬ ವರ್ತಕನ ಕೆಲಸವಲ್ಲ, ಸಂಸ್ಥೆಯ ಕೆಲಸ. ಎಲ್ಲರ ಬಿಲ್ಲಿನಲ್ಲೂ ತೂಕ ಬಂದಾಗ ಸ್ಪರ್ಧೆಯ ನೆಲೆಯೇ ಬದಲಾಗುತ್ತದೆ. ಹಗುರ ಬ್ಲಾಕಿನ ಬೆಲೆ ಹೆಚ್ಚೆಂದು ಹಿಂಜರಿಯುವ ಗ್ರಾಹಕ, ಅದು ಇಟ್ಟಿಗೆಯ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆಂದು ತಿಳಿದಾಗ ಮಹಡಿಯ ಒಳಗೋಡೆಗೆ ಅದನ್ನೇ ಆರಿಸಬಹುದು.

ಕಾನೂನಿನ ನೆರಳು

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ಸರಿಯಾದ ಬಳಕೆಯ ಸೂಚನೆ, ತಪ್ಪು ಬಳಕೆಯ ಎಚ್ಚರಿಕೆ ಕೊಡದೆ ಹಾನಿಯಾದರೆ ತಯಾರಕರ ಮೇಲೂ, ಅಳವಡಿಸುವ ಸೇವೆ ಒದಗಿಸಿದವರ ಮೇಲೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರ ಮೇಲೂ ಹೊಣೆ ಬರಬಹುದು. ರೇರಾ ಕಾಯಿದೆ ತನ್ನ ವ್ಯಾಪ್ತಿಯ ಯೋಜನೆಗಳಲ್ಲಿ ರಚನಾತ್ಮಕ ದೋಷಕ್ಕೆ ಐದು ವರ್ಷ ಪ್ರವರ್ತಕರನ್ನು ಹೊಣೆಯಾಗಿಸಿದೆ. ಸ್ವಂತ ನಿವೇಶನದಲ್ಲಿ ಮೇಸ್ತ್ರಿಯನ್ನು ನಂಬಿ ಕಟ್ಟಿಸಿದ ಮಧ್ಯಮ ವರ್ಗದ ಮನೆಗೆ ಆ ರಕ್ಷಣೆಯಿಲ್ಲ. ಆತನಿಗೆ ಸಿಗುವ ಮೊದಲ ಎಚ್ಚರಿಕೆ ನಮ್ಮ ಬಾಯಿಂದಲೇ ಬರಬೇಕು. ಕಾನೂನಿನ ಭಯಕ್ಕಿಂತ ಇದು ದೊಡ್ಡ ಕಾರಣ.

ಸಂಸ್ಥೆಯ ಮುಂದೆ ನಾಲ್ಕು ಸಲಹೆಗಳು

1. ಛಾವಣಿಯ ಮೇಲೆ ಕೂರುವ ಪ್ರತಿಯೊಂದು ಸರಕಿನ ದರಪಟ್ಟಿ ಮತ್ತು ಬಿಲ್ಲಿನಲ್ಲಿ ಬಳಕೆಯ ಸ್ಥಿತಿಯ ತೂಕವನ್ನು ನಮೂದಿಸುವುದು. ಟ್ಯಾಂಕಾದರೆ ತುಂಬಿದಾಗಿನ ತೂಕ, ತೋಟದ ಮಣ್ಣಾದರೆ ಒದ್ದೆಯಾದಾಗಿನ ತೂಕ, ಶೀಟು ಮತ್ತು ಸೌರ ಫಲಕಗಳಾದರೆ ತೂಕದೊಡನೆ ಗಾಳಿಯನ್ನು ತಡೆಯುವ ಜೋಡಣೆಯ ವಿವರ.

2. ಹೊಸ ಮನೆ ಹಸ್ತಾಂತರವಾಗುವಾಗ ಇಂಜಿನಿಯರರು ಒಂದು ಪುಟದ ಛಾವಣಿ ಭಾರಪತ್ರ ನೀಡುವ ಪದ್ಧತಿಯನ್ನು ಪ್ರೋತ್ಸಾಹಿಸುವುದು. ಯಾವ ಚರ ಭಾರಕ್ಕೆ ವಿನ್ಯಾಸವಾಗಿದೆ, ಸ್ಲ್ಯಾಬಿನ ದಪ್ಪವೆಷ್ಟು, ಟ್ಯಾಂಕಿನ ಜಾಗ ಯಾವುದು, ಅಡಿಪಾಯ ಎಷ್ಟು ಮಹಡಿಗೆ ಸಾಕು ಎಂಬಿಷ್ಟು ಇದ್ದರೆ ಸಾಕು. ಮನೆಯ ಕ್ರಯಪತ್ರದೊಡನೆ ಇದನ್ನೂ ಜೋಪಾನವಾಗಿಡಲು ಮಾಲೀಕರಿಗೆ ಹೇಳಬೇಕು.

3. ಕಬ್ಬಿಣದ ವ್ಯಾಪಾರಿಗಳು ಗ್ರಾಹಕನೆದುರು ಒಂದು ಸರಳನ್ನು ತೂಗಿ ತೋರಿಸುವುದು, ತಯಾರಕರ ಪರೀಕ್ಷಾ ಪತ್ರದ ಪ್ರತಿಯನ್ನು ಬಿಲ್ಲಿಗೆ ಲಗತ್ತಿಸುವುದು.

4. ಸ್ಥಳೀಯ ಇಂಜಿನಿಯರಿಂಗ್ ಕಾಲೇಜಿನ ನೆರವಿನಿಂದ ಅಂಗಡಿಯ ಸಿಬ್ಬಂದಿಗೂ ಮೇಸ್ತ್ರಿಗಳಿಗೂ ವರ್ಷಕ್ಕೆರಡು ಬಾರಿ ಅರ್ಧ ದಿನದ ತರಬೇತಿ. ನಿಗದಿತ ಶುಲ್ಕಕ್ಕೆ ಮನೆಗೆ ಬಂದು ಛಾವಣಿ ಪರೀಕ್ಷಿಸುವ ಇಂಜಿನಿಯರರ ಒಂದು ಪಟ್ಟಿ. ಅಂಗಡಿಯ ಗೋಡೆಗೆ ತೂಗುಹಾಕಲು ಕನ್ನಡದಲ್ಲಿ ಒಂದು ಭಾರಕೋಷ್ಟಕ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಾಗಿಲ್ಲ, ದೊಡ್ಡ ಬಂಡವಾಳವೂ ಬೇಕಾಗಿಲ್ಲ. ಮೊದಲನೆಯದನ್ನು ನಾಳೆಯೇ ಆರಂಭಿಸಬಹುದು. ನನ್ನ ಅಂಗಡಿಯಲ್ಲಿ ಟ್ಯಾಂಕಿನ ಬಿಲ್ಲಿನ ಕೆಳಗೆ ತುಂಬಿದ ತೂಕವನ್ನೂ, ಗೋಡೆ ಅಥವಾ ತೊಲೆಯ ಮೇಲೆಯೇ ಇಡಬೇಕೆಂಬ ಸೂಚನೆಯನ್ನೂ ಮೊಹರು ಹಾಕಿ ಕೊಡಲು ಆರಂಭಿಸಿದ್ದೇನೆ. ಕೆಲವರು ಅದನ್ನು ಓದುವುದಿಲ್ಲ. ಕೆಲವರು ಓದಿ, ಟ್ಯಾಂಕು ಎಲ್ಲಿಡಲಿ ಎಂದು ಕೇಳುತ್ತಾರೆ. ಒಂದಿಬ್ಬರು ಕೊಳ್ಳದೆ ಹೋದದ್ದೂ ಉಂಟು. ಆ ನಷ್ಟವನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ತೂಕದಲ್ಲಿ ವಂಚಿಸಬಾರದು ಎಂಬುದು ವರ್ತಕನ ಮೊದಲ ನೀತಿ. ಕೊಟ್ಟ ಸರಕು ತೂಕಕ್ಕೆ ಸರಿಯಿದ್ದರೆ ಆ ನೀತಿ ಪಾಲನೆಯಾಯಿತೆಂದು ಇಷ್ಟು ದಿನ ನಂಬಿದ್ದೆವು. ಆ ತೂಕ ಯಾರ ತಲೆಯ ಮೇಲೆ ನಿಲ್ಲುತ್ತದೆ ಎಂಬುದನ್ನು ಹೇಳುವುದೂ ಅದೇ ನೀತಿಯ ಭಾಗವೆಂದು ನಮ್ಮ ಸಂಸ್ಥೆ ತೀರ್ಮಾನಿಸಬೇಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ನಾಲ್ಕು ಸಲಹೆಗಳು ಚರ್ಚೆಗೆ ಬರಲಿ ಎಂದು ವಿನಂತಿಸುತ್ತೇನೆ.